ಹಳೆಯ ಆಕ್ಟೇವಿಯಾ ಆರ್‌ಎಸ್‌ಗೆ ಮ್ಯಾನ್ಯುವಲ್ ಬೂಸ್ಟ್ ಕಂಟ್ರೋಲರ್ ಸಾಕೇ?

ಪರ: ಗುಂಡು, ಸ್ಪ್ರಿಂಗ್ ಇದ್ದರೆ ಸಾಕು

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನಮ್ಮಲ್ಲಿಗೆ ಬಂದದ್ದು 2004ರಲ್ಲಿ. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಎಚ್‌ಪಿ. ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡವೇ ಬೂಸ್ಟ್, ಅದನ್ನು ಹೆಚ್ಚು ಕಡಿಮೆ ಮಾಡುವುದು ಬೂಸ್ಟ್ ಕಂಟ್ರೋಲರ್. ಈಗ ಆ ಕಾರಿನ ಬಾನೆಟ್ ಎತ್ತಿ ನೋಡಿ. ವೈರಿನ ಮೇಲಿನ ಪ್ಲಾಸ್ಟಿಕ್ ಬಿಸಿಗೆ ಪುಡಿಯಾಗಿರುತ್ತದೆ, ಕನೆಕ್ಟರಿನ ಲಾಕ್ ಮುಟ್ಟಿದರೆ ಕೈಗೇ ಬರುತ್ತದೆ. ಅಂಥ ಕಾರಿಗೆ ಎಲೆಕ್ಟ್ರಾನಿಕ್ ಕಂಟ್ರೋಲರ್ ಅಂತ ಇನ್ನೊಂದು ಡಬ್ಬಿ, ಇನ್ನೊಂದು ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್), ಇನ್ನಷ್ಟು ವೈರು ಯಾಕೆ ಬೇಕು?

ಎಕ್ಸಾಸ್ಟ್ ಹೊಗೆಯನ್ನು ಟರ್ಬೊ ಬಿಟ್ಟು ಹೊರಗೆ ಕಳಿಸಿ ಬೂಸ್ಟ್ ತಡೆಯುವ ಬಾಗಿಲು ವೇಸ್ಟ್‌ಗೇಟ್, ಗಾಳಿಯ ಒತ್ತಡದಿಂದ ಅದನ್ನು ತೆರೆಯುವುದು ಆಕ್ಚುಯೇಟರ್. ಮ್ಯಾನ್ಯುವಲ್ ಕಂಟ್ರೋಲರ್ ಟರ್ಬೊದಿಂದ ವೇಸ್ಟ್‌ಗೇಟ್ ಆಕ್ಚುಯೇಟರ್‌ಗೆ ಹೋಗುವ ಸಣ್ಣ ಪೈಪಿನ ನಡುವೆ ಕೂರುತ್ತದೆ. ಒಳಗೊಂದು ಗುಂಡು, ಅದನ್ನು ಒತ್ತಿ ಹಿಡಿದ ಸ್ಪ್ರಿಂಗ್, ಅಷ್ಟೇ. ಕುಕ್ಕರ್ ವೆಯ್ಟ್ ಇದ್ದ ಹಾಗೆ, ಪ್ರೆಶರ್ ಸಾಕಷ್ಟು ಏರುವ ತನಕ ಗುಂಡು ಏಳುವುದಿಲ್ಲ. ಅಲ್ಲಿವರೆಗೆ ವೇಸ್ಟ್‌ಗೇಟ್ ಪೂರ್ತಿ ಮುಚ್ಚಿರುತ್ತದೆ, ಬೂಸ್ಟ್ ಬೇಗ ಏರುತ್ತದೆ. ಬೂಸ್ಟ್ ನಿಯಂತ್ರಿಸಲು ಕಂಪನಿಯೇ ಕೊಟ್ಟ ಎನ್75 ಎಂಬ ಎಲೆಕ್ಟ್ರಿಕ್ ವಾಲ್ವಿನ ಕನೆಕ್ಟರ್ ಹಾಗೇ ಇರಲಿ, ಪೈಪ್ ಮಾತ್ರ ಬದಲಿಸಿ.

ನನ್ನ ಗೆಳೆಯನೊಬ್ಬ ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಕಂಟ್ರೋಲರ್ ತಂದಿದ್ದ. ಮೆನು ಪೂರ್ತಿ ಜಪಾನಿ ಭಾಷೆ. ವೈರಿಂಗ್ ಚಿತ್ರ ಇಲ್ಲ. ತುಮಕೂರು ರೋಡಿನಲ್ಲಿ ಮೂರನೇ ಗೇರಿನಲ್ಲಿ ಪೆಡಲ್ ಒತ್ತಿದರೆ ಬೂಸ್ಟ್ ಒಮ್ಮೆಲೇ ಚಿಮ್ಮುತ್ತಿತ್ತು, ಕಾರು ಲಿಂಪ್ ಮೋಡಿಗೆ (ಎಂಜಿನ್ ಕಾಪಾಡಲು ಶಕ್ತಿ ತಗ್ಗಿಸುವ ಸ್ಥಿತಿಗೆ) ಬಿದ್ದು ತೆವಳುತ್ತಿತ್ತು. ಒಂದು ಸೆಟ್ಟಿಂಗ್ ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಕೊನೆಗೆ ಅದನ್ನು ಕಿತ್ತು, ಜೆ.ಸಿ. ರೋಡಿನಿಂದ ಹೊಸ ಪೈಪು, ಕ್ಲಿಪ್ಪು ತಂದು ಮ್ಯಾನ್ಯುವಲ್ ಹಾಕಿದೆವು. ಸೈಕಲ್ ಪಂಪ್ ಹಚ್ಚಿ ಹೊಡೆದಾಗ ಆಕ್ಚುಯೇಟರ್ ಕಡ್ಡಿ ಯಾವ ಪ್ರೆಶರ್‌ಗೆ ಸರಿಯುತ್ತದೆ ಅಂತ ಕಣ್ಣಾರೆ ಕಂಡಿತು. ಯಾವ ಡಬ್ಬಿ ಇದನ್ನು ತೋರಿಸುತ್ತದೆ ಹೇಳಿ? ಆ ಕಾರು ಇವತ್ತಿಗೂ ಆರಾಮಾಗಿ ಓಡುತ್ತಿದೆ.

ಬೂಸ್ಟ್ ಜಾಸ್ತಿಯಾದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಮ್ನಿರಲ್ಲ ಅನ್ನುತ್ತಾರೆ. ಕಂಟ್ರೋಲರಿನ ಸ್ಕ್ರೂ ಅಷ್ಟು ತಿರುಗಿಸಿ ಅಂತ ಹೇಳಿದವರು ಯಾರು? ಕಾಲು ಸುತ್ತು ತಿರುಗಿಸಿ, ಗೇಜ್ ನೋಡಿ, ಆಮೇಲೆ ಮುಂದಿನ ಕಾಲು ಸುತ್ತು.

ವಿರೋಧ: ಘಾಟಿ ಇಳಿದ ಮೇಲೆ ಸಾಲದು

ಎಲೆಕ್ಟ್ರಾನಿಕ್ ಪರವಾಗಿ ಬರೆಯಲು ನನಗೆ ಹೇಳಿದ್ದಾರೆ. ಟ್ರ್ಯಾಕಿಗಷ್ಟೇ ಹೋಗುವ, ಕೇಬಲ್ ಥ್ರಾಟಲ್ (ಪೆಡಲ್ ತಂತಿಯಿಂದಲೇ ಎಳೆದು ತೆರೆಯುವ ಗಾಳಿಯ ಬಾಗಿಲು) ಇರುವ ಕಾರಿಗೆ ಮ್ಯಾನ್ಯುವಲ್ ಸಾಕು, ಇದನ್ನು ನಾನೂ ಒಪ್ಪುತ್ತೇನೆ. ಊರಿಂದೂರಿಗೆ ಓಡುವ ಕಾರಿನ ವಿಷಯ ಬೇರೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 0.9 ಬಾರ್. ಇಲ್ಲೇ 0.8 ಬಾರ್ ಬೂಸ್ಟ್ ಸೆಟ್ ಮಾಡಿ ಶಿರಾಡಿ ಇಳಿದು ಮಂಗಳೂರಿಗೆ ಹೋದರೆ ಗೇಜ್ 0.8 ಅಂತಲೇ ತೋರಿಸುತ್ತದೆ. ಆದರೆ ಎಂಜಿನ್ನಿಗೆ ಸಿಗುವ ಒಟ್ಟು ಒತ್ತಡ 1.7ರಿಂದ 1.8 ಬಾರ್‌ಗೆ ಏರಿರುತ್ತದೆ. ಜೊತೆಗೆ ಕರಾವಳಿಯ ಸೆಕೆ, ಟ್ಯಾಂಕಿನಲ್ಲಿ ಸಾಮಾನ್ಯ ಪೆಟ್ರೋಲ್. ಎಂಜಿನ್ ನಾಕ್ ಆಗುವುದು (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ನಿಗೆ ಪೆಟ್ಟಾಗುವುದು) ಇಂಥ ಹೊತ್ತಿನಲ್ಲೇ. ಇಸಿಯು ಹೊರಗಿನ ಒತ್ತಡವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸ್ಪ್ರಿಂಗ್‌ಗೆ ಅದು ಗೊತ್ತಾಗುವುದಿಲ್ಲ.

ಎಲೆಕ್ಟ್ರಾನಿಕ್‌ನಲ್ಲಿ ಗೇರಿಗೆ ತಕ್ಕಂತೆ ಬೂಸ್ಟ್ ಕಡಿಮೆ ಮಾಡಬಹುದು, ಮಿತಿ ಮೀರಿದರೆ ತಾನೇ ಇಳಿಸುವ ವ್ಯವಸ್ಥೆಯೂ ಇರುತ್ತದೆ. ಪೈಪ್ ಸರಿಯಾಗಿ ಜೋಡಿಸಿದ್ದರೆ, ಫ್ಯೂಸ್ ಹೋದಾಗ ಬೂಸ್ಟ್ ಆಕ್ಚುಯೇಟರ್ ಸ್ಪ್ರಿಂಗಿನ ಮಟ್ಟಕ್ಕೆ ಇಳಿಯುತ್ತದೆ. ಮ್ಯಾನ್ಯುವಲ್‌ನಲ್ಲಿ ಕಸ ಸೇರಿ ಗುಂಡು ಅಂಟಿಕೊಂಡರೆ ಬೂಸ್ಟ್ ಏರುತ್ತಲೇ ಹೋಗುತ್ತದೆ. ಅದನ್ನೇ ಹಾಕಿಸುವವರು ಮೊದಲು ಗೇಜ್ ಹಾಕಿಸಿ, ಘಾಟಿ ಇಳಿಯುವ ಮುಂಚೆ ಒಂದು ಸುತ್ತು ಸಡಿಲ ಮಾಡಿಕೊಳ್ಳಿ.