ಎರೆಮಣ್ಣೇ ಆರೋಪಿ ನಂಬರ್ ಒನ್

ಸೇಡಂ–ಚಿತ್ತಾಪುರ ಸೀಮೆಯ ಎರೆಮಣ್ಣಿಗೆ ಎರಡು ಜಾತಕ. ತೊಗರಿ ಬೆಳೆದಾಗ ಅದು ಬಂಗಾರ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಸುಣ್ಣದ ಕಲ್ಲಿನ ಗಣಿ ಪಕ್ಕದ ಮನೆಯ ಗೋಡೆ ಬಿರಿದರೆ ಮಾತ್ರ ಅದೇ ಮಣ್ಣು ಕಟಕಟೆಯಲ್ಲಿ ನಿಲ್ಲಬೇಕು. "ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಬಿರುಕಿಗೆ ಅದೇ ಕಾರಣ" ಎಂದು ಅರ್ಜಿದಾರನಿಗೆ ಉತ್ತರ. ಮೊದಲರ್ಧ ನಿಜವೇ. ಮಧ್ಯಾಹ್ನ ಗಣಿಯಲ್ಲಿ ಬಂಡೆ ಸಿಡಿಸುವ (ಬ್ಲಾಸ್ಟಿಂಗ್) ಸೈರನ್ ಕೂಗಿದ ಮರುಕ್ಷಣವೇ ಉಬ್ಬುವ ಮಣ್ಣು ಮಾತ್ರ ನಮ್ಮಲ್ಲಷ್ಟೇ ಇರುವಂತಿದೆ.

ಕಾನೂನಿಗೆ ಕರುಣೆ ಇಲ್ಲವೆನ್ನಬೇಡಿ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಪ್ರಕಾರ, 8 ಹರ್ಟ್ಸ್‌ಗಿಂತ ಕೆಳಗಿನ (ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ ಅಲುಗುವ) ನಡುಕದ ವೇಗ ಗಣಿ ಕಂಪನಿಯದೇ ಕ್ವಾರ್ಟರ್ಸಿಗೆ ಸೆಕೆಂಡಿಗೆ 10 ಮಿಲಿಮೀಟರ್‌ವರೆಗೆ ಸಲ್ಲುತ್ತದೆ, ಊರಿನವರ ಮನೆಗೆ 5, ಮಳಖೇಡದ ಕೋಟೆಯಂಥ ಐತಿಹಾಸಿಕ ಕಟ್ಟಡಕ್ಕೆ 2. ಅಂದರೆ ಕಾಗದದ ಮೇಲೆ ಊರಜ್ಜಿಯ ಗೋಡೆ ಮ್ಯಾನೇಜರ್ ಬಂಗಲೆಗಿಂತ ಸುಕುಮಾರಿ! ಆ 5ರೊಳಗೆ ಮಣ್ಣಿನ ಗೋಡೆಗೂ ಸಿಮೆಂಟಿನ ಗೋಡೆಗೂ ಒಂದೇ ತಕ್ಕಡಿ. ದೇಶಕ್ಕೆಲ್ಲ ಸಿಮೆಂಟ್ ಕೊಡುವ ಸೀಮೆಯಲ್ಲಿ ಶಹಾಬಾದ್ ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ ಮನೆಗಳು ಇನ್ನೂ ಇವೆ, ಅದು ಬೇರೆ ಮಾತು.

ನಡುಕ ಅಳೆಯುವ ದಿನದ ಸಂಭ್ರಮ ನೋಡಬೇಕು. ರಂಧ್ರಗಳನ್ನು ಕ್ಷಣಾಂಶದ ಅಂತರದಲ್ಲಿ ಸರದಿಯಂತೆ ಸಿಡಿಸುವಾಗ ಒಂದು ಸರದಿಗೆ (ಡಿಲೇಗೆ) ಸಿಡಿಯುವ ಮದ್ದಿನ ತೂಕವೇ ನಡುಕದ ತಾಯಿಬೇರು; ಅದನ್ನು ಕಾಲು ಭಾಗಕ್ಕೆ ಇಳಿಸಿದರೆ ಊರು ಎರಡರಷ್ಟು ದೂರ ಸರಿದ ಲೆಕ್ಕ. ಹಾಗಾಗಿ ಅಂದು ಕೊರೆದ ರಂಧ್ರಗಳಿಗೆಲ್ಲ ಏಕಾದಶಿ. ನೆಲದ ನಡುಕ ಹಿಡಿಯುವ ಜಿಯೋಫೋನನ್ನು ಬಿರಿದ ಗೋಡೆಯ ಬುಡದಲ್ಲಿ ಹೂಳಬೇಕು, ಇಲ್ಲವೇ ಮೊಳೆ ಇಳಿಸಿ ಮರಳಿನ ಚೀಲ ಹೇರಬೇಕು. ಆದರೆ ಅದು ಊರ ಆಚೆ ಬೇವಿನ ನೆರಳಲ್ಲಿ ಬೀಗರಂತೆ ಕೂತಿರುತ್ತದೆ. ಯಂತ್ರ ಎಷ್ಟು ನಡುಕಕ್ಕೆ ಎಚ್ಚರಗೊಂಡು ದಾಖಲಿಸಬೇಕೆಂಬ ಮಟ್ಟವನ್ನು (ಟ್ರಿಗರ್) ಸೆಕೆಂಡಿಗೆ 0.5 ಮಿಲಿಮೀಟರ್ ಬದಲು 5ಕ್ಕೆ ಇಟ್ಟರಂತೂ ಮುಗಿಯಿತು: 4.9 ಬಂದರೂ ಯಂತ್ರ ಗೊರಕೆ ಹೊಡೆಯುತ್ತದೆ. "ಕಂಪನ ದಾಖಲಾಗಿಲ್ಲ" ಎಂದು ಬರೆದದ್ದು ಮುಂದಿನ ಪುಟ ತಲುಪುವಷ್ಟರಲ್ಲಿ "ಕಂಪನವಿಲ್ಲ" ಆಗುತ್ತದೆ.

ಹಟಮಾರಿಗಳಿಗೊಂದು ಅಗ್ಗದ ಯಂತ್ರ ಉಂಟು. ಬಿರುಕಿನ ಎರಡೂ ಕಡೆ ಸುಣ್ಣ ಕೆರೆದು, ತೆಳು ಗಾಜಿನ ಪಟ್ಟಿ ಅಡ್ಡ ಇಟ್ಟು, ತುದಿಗಳನ್ನು ಸಿಮೆಂಟಿನಿಂದ ಮೆತ್ತಿ, ಮೇಲೆ ತಾರೀಖು ಬರೆಯಿರಿ. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ. ಪಕ್ಕದಲ್ಲೊಂದು ನೋಟ್‌ಬುಕ್: ಯಾವ ದಿನ ಮಳೆ, ಎಷ್ಟು ಗಂಟೆಗೆ ಬ್ಲಾಸ್ಟಿಂಗ್. ಮಳೆಯಿಲ್ಲದ ವಾರಗಳಲ್ಲಿ ಬ್ಲಾಸ್ಟಿಂಗ್ ದಿನಗಳಂದೇ ಮತ್ತೆ ಮತ್ತೆ ಗಾಜು ಒಡೆದರೆ ಎರೆಮಣ್ಣಿನ ತಪ್ಪೊಪ್ಪಿಗೆ ಸ್ವಲ್ಪ ತೊದಲತೊಡಗುತ್ತದೆ.

ಗಾಜಿನ ಚೂರು, ನೋಟ್‌ಬುಕ್, ಫೋಟೊ ಎಲ್ಲ ಸೇರಿಸಿ ಅರ್ಜಿ ಕೊಡಿ. ಈ ಸಲ ಮಣ್ಣಿನ ಸುದ್ದಿಯೇ ಬರುವುದಿಲ್ಲ. ಗೋಡೆ ನಿಮ್ಮದೇ ಎಂಬುದಕ್ಕೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಲಗತ್ತಿಸಿಲ್ಲವೆಂದು ಅರ್ಜಿ ವಾಪಸ್ ಬರುತ್ತದೆ.