ತುಮಕೂರಲ್ಲಿ ಮನೆ ನೋಡುವಾಗ ಮೊದಲು ನೀರು ಕೇಳಿ

ಹೊಸ ಊರಿಗೆ ಹೋಗುವವರು ಮೊದಲು ಬಾಡಿಗೆ, ಆಮೇಲೆ ಆಫೀಸಿನ ದೂರ ನೋಡಬೇಕು ಅಂತ ಬಾಡಿಗೆ ಮನೆ ಹುಡುಕುವ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿಯೇ. ಆದರೆ ತುಮಕೂರಿಗೆ ಬರುವವರು ಅದಕ್ಕೂ ಮೊದಲು ನೀರಿನ ಬಗ್ಗೆ ಕೇಳಲೇಬೇಕು.

ಇಲ್ಲಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ. ನಮ್ಮ ಬೀದಿಗೆ ದಿನಾ ಬಿಡುವುದಿಲ್ಲ. ನಾವು ಬಂದ ಹೊಸದರಲ್ಲಿ ಹಿಡಿದ ಮನೆ ನೋಡೋಕೆ ಚೆನ್ನಾಗಿತ್ತು, ಗಾಳಿ ಬೆಳಕು ಎಲ್ಲಾ ಇತ್ತು. ಆದರೆ ನಾಲ್ಕು ಮನೆಗೆ ಒಂದೇ ಸಂಪು. ಏಪ್ರಿಲ್ ಬಂತು ನೋಡಿ, ಬೆಳಿಗ್ಗೆ ಐದಕ್ಕೆ ಎದ್ದು ಬಕೆಟ್ ತುಂಬಿಸಿಡುವುದೇ ಕೆಲಸವಾಯಿತು. ಚಿಕ್ಕ ಮಗು ಬೇರೆ ಇತ್ತು. ತುಂಬಾ ಕಷ್ಟಪಟ್ಟೆವು.

ಓನರ್ ‘ನೀರಿಗೇನೂ ತೊಂದರೆ ಇಲ್ಲ’ ಅಂತಲೇ ಹೇಳುತ್ತಾರೆ. ನೀವು ಸಂಪಿನ ಮುಚ್ಚಳ ತೆಗೆಸಿ ನೋಡಿ. ಬಚ್ಚಲಿನ ನಲ್ಲಿಯ ಬಾಯಿಗೆ ಬಿಳಿ ಪೊರೆ ಗಟ್ಟಿಯಾಗಿ ಕಟ್ಟಿದ್ದರೆ ಅಲ್ಲಿ ಗಡಸು ಬೋರ್ ನೀರೇ ಜಾಸ್ತಿ ಬರುತ್ತಿದೆ ಅಂತ ತಿಳಿಯಿರಿ. ಪಕ್ಕದ ಮನೆಯವರನ್ನು ಮಾತಾಡಿಸಿ, ಅವರು ಸುಮ್ನೆ ಸುಳ್ಳು ಹೇಳುವುದಿಲ್ಲ.

ಅಡ್ವಾನ್ಸ್ ಕೊಟ್ಟಿದ್ದಕ್ಕೆ ಬರಹದಲ್ಲಿ ರಸೀದಿ ತಗೊಳ್ಳಿ. ಮನೆ ಬಿಡುವಾಗ ಬಣ್ಣಕ್ಕೆ ಅಂತ ಅದರಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನುವುದೂ ಕರಾರಿನಲ್ಲಿ ಇರಲಿ.

ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರಾದರೆ ತುಮಕೂರಿನಂಚಿನ ಕ್ಯಾತ್ಸಂದ್ರದ ಕಡೆಯೂ ನೋಡಿ, ಅಲ್ಲೂ ಸ್ಟೇಷನ್ ಇದೆ. ಆದರೆ ನೀವು ಹೋಗುವ ರೈಲು ಅಲ್ಲಿ ನಿಲ್ಲುತ್ತದಾ ಅಂತ ವೇಳಾಪಟ್ಟಿ ನೋಡಿಕೊಂಡೇ ಅಡ್ವಾನ್ಸ್ ಕೊಡಿ. ಒಂದು ಸಲ ರಾತ್ರಿ ಎಂಟರ ಮೇಲೆ ಸ್ಟೇಷನ್ನಿಂದ ಆ ಮನೆವರೆಗೂ ನಡೆದು ನೋಡಿ. ಬೀದಿ ದೀಪ ಇದೆಯಾ, ಹೆಣ್ಣುಮಕ್ಕಳು ಓಡಾಡುತ್ತಾರಾ ಅನ್ನುವುದು ಹಗಲಲ್ಲಿ ಗೊತ್ತಾಗುವುದಿಲ್ಲ ಅಲ್ವಾ?