ಒಂದು ರೂಪಾಯಿಯಿಂದ ಐನೂರಕ್ಕೆ ಬಡ್ತಿ

ರಿಟೈರ್ ಆದ ಮೇಲೆ ಮುಂದೇನು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲದ ಕೆಲಸ ಈ ದೇಶದಲ್ಲಿ ಒಂದಿದ್ದರೆ ಅದು ರಿಸರ್ವ್ ಬ್ಯಾಂಕ್ ಗವರ್ನರ್ ಕೆಲಸ. ಶಕ್ತಿಕಾಂತ ದಾಸ್ ಅವರು 2024ರ ಡಿಸೆಂಬರ್ 10ಕ್ಕೆ ಮುಂಬೈಯ ಆ ಎತ್ತರದ ಕಟ್ಟಡದಿಂದ ಇಳಿದು ಬಂದರು. ಫೆಬ್ರವರಿ ಮುಗಿಯುವ ಮೊದಲೇ ಪ್ರಧಾನಿಯವರ ‘ಪ್ರಧಾನ ಕಾರ್ಯದರ್ಶಿ-2’ ಆದರು. ಒಂದನೇ ನಂಬರಿನಲ್ಲಿ ಆಗಲೇ ಒಬ್ಬರು ಕೂತಿದ್ದರು. ಕೂತವರನ್ನು ಎಬ್ಬಿಸುವುದು ಚೆನ್ನಾಗಿರಲ್ಲ ಅಲ್ವಾ, ಅದಕ್ಕೇ ಎರಡನೆಯದು. ಇನ್ನು 2018ರಲ್ಲಿ ‘ವೈಯಕ್ತಿಕ ಕಾರಣ’ ಅಂತ ನಾಲ್ಕು ಸಾಲು ಬರೆದಿಟ್ಟು ಗವರ್ನರ್ ಕುರ್ಚಿಯಿಂದ ಎದ್ದು ಹೋದ ಉರ್ಜಿತ್ ಪಟೇಲ್? 2025ರ ಆಗಸ್ಟಿನಲ್ಲಿ ಅದೇ ಸರ್ಕಾರ ಅವರನ್ನು ನೆನಪಿಟ್ಟು ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ಗೆ ಕಳಿಸಿತು. ನಗುನಗುತ್ತಾ ಹೋದವರಿಗೂ ಜಾಗ ಇದೆ, ನಗದೆ ಹೋದವರಿಗೂ ಜಾಗ ಇದೆ. ಇಷ್ಟು ದೊಡ್ಡ ಮನಸ್ಸಿನ ಧಣಿ ಬೇರೆಲ್ಲಿ ಸಿಗುತ್ತಾನೆ ಹೇಳಿ.

ಬರುವ ದಾರಿಯೂ ಅಷ್ಟೇ ಸಲೀಸು. ದಾಸ್ ಅವರ ಅವಧಿ ಡಿಸೆಂಬರ್ 10ಕ್ಕೆ ಮುಗಿಯುತ್ತೆ ಅಂತ ಮೂರು ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು. ಮುಂದಿನವರು ಯಾರು ಅನ್ನೋದು ಹೊರಬಿದ್ದದ್ದು ಡಿಸೆಂಬರ್ 9ಕ್ಕೆ. ಬಾಡಿಗೆ ಮನೆ ಖಾಲಿ ಮಾಡೋಕೂ ಇದಕ್ಕಿಂತ ಜಾಸ್ತಿ ದಿನ ನೋಟಿಸ್ ಕೊಡುತ್ತಾರೆ. ಹೆಸರು ಹೊರಬಿತ್ತು: ಸಂಜಯ್ ಮಲ್ಹೋತ್ರಾ, ಕಂದಾಯ ಕಾರ್ಯದರ್ಶಿ. ದಾಸ್ ಅವರೂ ಒಂದು ಕಾಲದಲ್ಲಿ ಕಂದಾಯ ಕಾರ್ಯದರ್ಶಿಯೇ. ಇಬ್ಬರೂ ಐಎಎಸ್. ದೆಹಲಿಯಲ್ಲಿ ಹಣಕಾಸು ಇಲಾಖೆ ಇದ್ದ ನಾರ್ತ್ ಬ್ಲಾಕ್‌ನಲ್ಲಿ ತೆರಿಗೆ ಲೆಕ್ಕ ನೋಡುತ್ತಿದ್ದವರು ವಿಮಾನ ಹತ್ತಿ ಮುಂಬೈಗೆ ಬಂದ ತಕ್ಷಣ ಸ್ವಾಯತ್ತರಾಗುತ್ತಾರೆ. ಆ ಎರಡು ಗಂಟೆಯ ಪ್ರಯಾಣದಲ್ಲಿ ಏನು ಕುಡಿಸುತ್ತಾರೋ ಗೊತ್ತಿಲ್ಲ.

ನಿಮಗೆ ಪುರುಸೊತ್ತಿದ್ದರೆ, ಮತ್ತು ಹಳೇ ನೋಟು ಕೂಡಿಡುವ ಚಟದವರು ಯಾರಾದರೂ ಪರಿಚಯ ಇದ್ದರೆ, 2017ರ ಒಂದು ರೂಪಾಯಿ ನೋಟು ಕೇಳಿ ನೋಡಿ. ಒಂದು ರೂಪಾಯಿ ನೋಟು ರಿಸರ್ವ್ ಬ್ಯಾಂಕಿನದ್ದಲ್ಲ. ಮೇಲೆ ಭಾರತ ಸರ್ಕಾರ ಅಂತಿರುತ್ತೆ. ‘ಕೊಡುತ್ತೇನೆ ಅಂತ ವಚನ ನೀಡುತ್ತೇನೆ’ ಅನ್ನುವ ಸಾಲು ಅದರಲ್ಲಿ ಇರಲ್ಲ. ಸಹಿ ಹಾಕೋದು ಹಣಕಾಸು ಇಲಾಖೆಯ ಕಾರ್ಯದರ್ಶಿ. 2017ರ ನೋಟಿನಲ್ಲಿ ಇರೋದು ಶಕ್ತಿಕಾಂತ ದಾಸ್ ಅವರ ಸಹಿ. ಈಗ ನಿಮ್ಮ ಜೇಬಿನಿಂದ ಐನೂರರ ನೋಟು ತೆಗೆದು ಕಣ್ಣಿನ ಹತ್ತಿರ ಹಿಡಿಯಿರಿ. ಅದಕ್ಕೂ ಅದೇ ಸಹಿ ಇರಬಹುದು. ಇಲ್ಲಿ ವಚನವೂ ಇದೆ. ಮೊದಲು ವಚನ ಇಲ್ಲದ ನೋಟಿಗೆ ಸಹಿ, ಆಮೇಲೆ ವಚನ ಇರುವ ನೋಟಿಗೆ ಸಹಿ. ಹೀಗೆ ಎರಡೂ ಬಗೆಯ ನೋಟಿಗೆ ಸಹಿ ಹಾಕಿದವರು ಅವರೇ ಮೊದಲಿಗರೇನಲ್ಲ. ಮನಮೋಹನ್ ಸಿಂಗ್ ಅವರ ಸಹಿಯೂ ಎರಡೂ ಕಡೆ ಸಿಗುತ್ತೆ. ಗವರ್ನರ್‌ಗಳ ವೃತ್ತಿ ಜೀವನದ ಬಗ್ಗೆ ಯಾರಾದರೂ ಪುಸ್ತಕ ಬರೆಯಬೇಕೆಂದರೆ ಲೈಬ್ರರಿಗೆ ಹೋಗಬೇಕಿಲ್ಲ, ಹಳೇ ನೋಟು ಮಾರುವವನ ಡಬ್ಬಿ ಸಾಕು.

ಸರಿ, ಗವರ್ನರ್ ಆಗೋಕೆ ಏನು ಅರ್ಹತೆ ಬೇಕು? 1934ರ ಕಾಯ್ದೆ ತೆರೆದು ನೋಡಿ. ಒಬ್ಬ ಗವರ್ನರ್, ನಾಲ್ಕು ಮೀರದಂತೆ ಡೆಪ್ಯುಟಿ ಗವರ್ನರ್‌ಗಳು, ನೇಮಿಸೋದು ಕೇಂದ್ರ ಸರ್ಕಾರ. ಮುಗಿಯಿತು. ಏನು ಓದಿರಬೇಕು, ಎಲ್ಲಿ ದುಡಿದಿರಬೇಕು ಅನ್ನುವ ಸುದ್ದಿಯೇ ಇಲ್ಲ. ನಾನೂ ಆಗಬಹುದು, ನೀವೂ ಆಗಬಹುದು.

ಆದರೆ ತಮಾಷೆ ಇರೋದು ಅಲ್ಲಲ್ಲ. ಬಡ್ಡಿ ದರ ತೀರ್ಮಾನ ಮಾಡೋದಕ್ಕೆ 2016ರಲ್ಲಿ ಹಣಕಾಸು ನೀತಿ ಸಮಿತಿ ಮಾಡಿದರು. ಆರು ಜನ. ಮೂವರು ಬ್ಯಾಂಕಿನವರು, ಮೂವರು ಹೊರಗಿನವರು. ಆ ಹೊರಗಿನ ಮೂವರಿಗೆ ಕಾಯ್ದೆ ಹಾಕಿರುವ ಷರತ್ತು ನೋಡಿ. ಅರ್ಥಶಾಸ್ತ್ರವೋ ಬ್ಯಾಂಕಿಂಗೋ ಹಣಕಾಸೋ ಗೊತ್ತಿರಬೇಕು, ಅನುಭವ ಇರಬೇಕು. ವಯಸ್ಸು 70 ದಾಟಿರಬಾರದು. ಶಾಸಕ, ಸಂಸದ ಆಗಿರಬಾರದು. ದಿವಾಳಿ ಎದ್ದಿರಬಾರದು. ಸರ್ಕಾರಿ ನೌಕರ ಆಗಿರಲೇಬಾರದು! ನಾಲ್ಕು ವರ್ಷ ಆದ ಮೇಲೆ ಎದ್ದು ಹೋಗಬೇಕು, ಇನ್ನೊಂದು ಸಲ ಅನ್ನುವ ಹಾಗಿಲ್ಲ. ಯಾಕೆ ಇಷ್ಟೆಲ್ಲ? ಸರ್ಕಾರದ ಮುಲಾಜಿಗೆ ಬೀಳಬಾರದು ಅಂತ. ಬಹಳ ಒಳ್ಳೆಯದು. ಅದೇ ಸಮಿತಿಯ ತಲೆಯಲ್ಲಿ ಕೂರುವವರು, ಮತ ಸಮಸಮ ಆದಾಗ ಇನ್ನೊಂದು ಮತ ಹಾಕುವವರು ಗವರ್ನರ್. ಅವರು ಮೊನ್ನೆವರೆಗೆ ಸರ್ಕಾರಿ ನೌಕರ ಆಗಿದ್ದರೆ ಪರವಾಗಿಲ್ಲ. ಅವಧಿ ಮುಗಿದ ಮೇಲೆ ಅದೇ ಸರ್ಕಾರ ಇನ್ನೊಂದು ಅವಧಿ ಕೊಟ್ಟರೂ ಪರವಾಗಿಲ್ಲ. ಕಾವಲುಗಾರನನ್ನು ಜರಡಿ ಹಿಡಿದು ಆರಿಸುತ್ತಾರೆ, ಬೀಗದ ಕೈ ಇಟ್ಟುಕೊಳ್ಳುವವರನ್ನು ಯಾರೂ ಕೇಳಲ್ಲ.

ಇದು ಈಗಿನವರು ಕಂಡುಹಿಡಿದ ವಿದ್ಯೆ ಅಂತ ಬೈಯುವ ಹಾಗೂ ಇಲ್ಲ. 1935ರಲ್ಲಿ ಬ್ಯಾಂಕ್ ಶುರುವಾದಾಗ ಬಂದ ಮೊದಲ ಗವರ್ನರ್ ಓಸ್ಬೋರ್ನ್ ಸ್ಮಿತ್ ನಿಜವಾದ ಬ್ಯಾಂಕರ್. ಆಸ್ಟ್ರೇಲಿಯಾದಲ್ಲಿ ಬ್ಯಾಂಕ್ ಕೆಲಸ ಕಲಿತು, ಇಲ್ಲಿ ಇಂಪೀರಿಯಲ್ ಬ್ಯಾಂಕ್ ನಡೆಸಿದವರು. ರೂಪಾಯಿಯ ವಿನಿಮಯ ದರ, ಬಡ್ಡಿ ದರ ಅಂತ ಸರ್ಕಾರದ ಹಣಕಾಸು ಸದಸ್ಯ ಜೇಮ್ಸ್ ಗ್ರಿಗ್ ಜೊತೆ ಜಗಳ ಆಯಿತು. ಸ್ಮಿತ್ ಒಂದೇ ಒಂದು ನೋಟಿಗೂ ಸಹಿ ಹಾಕದೆ ಮನೆಗೆ ಹೋದರು. ಆ ಜಾಗಕ್ಕೆ ಬಂದವರು ಜೇಮ್ಸ್ ಟೇಲರ್, ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಐಎಎಸ್. ಡೆಪ್ಯುಟಿ ಗವರ್ನರ್ ಆಗಿ ಬ್ಯಾಂಕಿಗೆ ಬರುವ ಮೊದಲಿನ ಕೆಲಸ? ಹಣಕಾಸು ಇಲಾಖೆ. ಬ್ಯಾಂಕರ್ ಹೊರಗೆ, ಇಲಾಖೆಯವರು ಒಳಗೆ. 1937ರಲ್ಲೇ ಅಚ್ಚು ಸಿದ್ಧವಾಗಿತ್ತು. ಆಮೇಲಿನವರು ಹಿಟ್ಟು ಹಾಕುತ್ತಾ ಬಂದಿದ್ದಾರೆ, ಅಷ್ಟೇ.

ಅದರಲ್ಲೂ ಅಚ್ಚಿಗೆ ಕೂರದವರು ಒಬ್ಬರು ನಮ್ಮ ಕಡೆಯವರೇ. ಮಂಗಳೂರಿನ ಬೆನಗಲ್ ರಾಮರಾಯರು. ಅವರೂ ಐಸಿಎಸ್. ಏಳೂವರೆ ವರ್ಷ ಗವರ್ನರ್, ಇವತ್ತಿಗೂ ಆ ದಾಖಲೆ ಅವರದ್ದೇ. ರಿಸರ್ವ್ ಬ್ಯಾಂಕ್ ಅಂದರೆ ನಮ್ಮ ಇಲಾಖೆಯ ಒಂದು ವಿಭಾಗ ಅನ್ನುವ ಧಾಟಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಮಾತಾಡಿದರು. ರಾಮರಾಯರು ಸಹಿಸಲಿಲ್ಲ. 1957ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ನಡೆದರು. ಅಂದರೆ ಐಎಎಸ್, ಐಸಿಎಸ್ ಆದವರೆಲ್ಲ ತಲೆ ಬಗ್ಗಿಸುತ್ತಾರೆ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತೆ. ವೈ.ವಿ. ರೆಡ್ಡಿ, ಸುಬ್ಬರಾವ್ ಇಬ್ಬರೂ ಐಎಎಸ್. ದೆಹಲಿಯವರಿಗೆ ಅವರಿಂದ ನಿದ್ದೆ ಕೆಟ್ಟ ದಿನಗಳು ಕಮ್ಮಿ ಏನಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತೆ. ರಿಸರ್ವ್ ಬ್ಯಾಂಕಿನ ಒಳಗೇ ಸಾವಿರಾರು ಅಧಿಕಾರಿಗಳಿದ್ದಾರೆ. ಎಂಥ ಪರೀಕ್ಷೆ ಬರೆದು ಬಂದವರು! ಮೂವತ್ತು ಮೂವತ್ತೈದು ವರ್ಷ ಬರೀ ರೆಪೋ, ಸಾಲಪತ್ರ, ವಿದೇಶಿ ವಿನಿಮಯ ಅಂತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಇಪ್ಪತ್ತಾರು ಗವರ್ನರ್‌ಗಳಲ್ಲಿ ಬ್ಯಾಂಕಿನ ಸ್ವಂತ ಕೇಡರ್‌ನಿಂದ ಮೇಲೆ ಬಂದವರು ಎಷ್ಟು ಜನ? ಒಬ್ಬರು. ಎಂ. ನರಸಿಂಹಂ, 1977ರಲ್ಲಿ. ಎಷ್ಟು ಕಾಲ? ಏಳು ತಿಂಗಳು. ಡೆಪ್ಯುಟಿ ಗವರ್ನರ್‌ವರೆಗೆ ಲಿಫ್ಟ್ ಹೋಗುತ್ತೆ, ಅದರ ಮೇಲಿನ ಮಹಡಿಯ ಬಟನ್ ಅವರಿಗೆ ಒತ್ತೋಕೆ ಬರಲ್ಲ.

ಇರಲಿ, ಪರದೇಶದ ಕಡೆ ಒಂದು ಸುತ್ತು ಹೋಗಿ ಬರೋಣ. ನನ್ನ ಅಚ್ಚುಮೆಚ್ಚಿನ ದೇಶ ಟರ್ಕಿ. ಅಲ್ಲಿ 2021ರ ಮಾರ್ಚ್‌ನಲ್ಲಿ ಗವರ್ನರ್ ನಾಜಿ ಅಗ್ಬಾಲ್ ಬಡ್ಡಿ ದರವನ್ನು ಶೇ 19ಕ್ಕೆ ಏರಿಸಿದರು. ಎರಡೇ ದಿನಕ್ಕೆ ಅಧ್ಯಕ್ಷ ಎರ್ಡೋಗನ್ ಅವರನ್ನು ಕಿತ್ತು ಹಾಕಿದರು. ಆ ಜಾಗಕ್ಕೆ ಬಂದವರು ಶಹಾಪ್ ಕಾವ್‌ಜಿಓಗ್ಲು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಆಳುವ ಪಕ್ಷದ ಸಂಸದರಾಗಿದ್ದವರು. ಜೊತೆಗೆ, ಕೇಳಿ, ಪತ್ರಿಕೆಯ ಅಂಕಣಕಾರ! ಸರ್ಕಾರದ ಪರ ಪತ್ರಿಕೆಯಲ್ಲಿ ಬಡ್ಡಿ ಏರಿಸಿದ್ದು ತಪ್ಪು ಅಂತ ಬರೆಯುತ್ತಿದ್ದರು. ಬರೆಯುತ್ತಾ ಬರೆಯುತ್ತಾ ಗವರ್ನರೇ ಆಗಿಬಿಟ್ಟರು. ಈ ಸುದ್ದಿ ಓದಿ ನನ್ನ ಎದೆ ಉಬ್ಬಿತ್ತು. ಇಷ್ಟು ವರ್ಷದ ನನ್ನ ಬರವಣಿಗೆಯಿಂದ ಒಂದು ಬಸ್ ಸ್ಟಾಪೂ ಜಾಗ ಬದಲಿಸಿಲ್ಲ, ಅಲ್ಲಿ ನೋಡಿದರೆ ನಮ್ಮವನೊಬ್ಬ ನೋಟಿಗೆ ಸಹಿ ಹಾಕುತ್ತಿದ್ದಾನೆ! ಅವರು ಅಂಕಣದಲ್ಲಿ ಬರೆದಂತೆಯೇ ಬಡ್ಡಿ ಇಳಿಸಿದರು. ನುಡಿದಂತೆ ನಡೆದ ಅಪರೂಪದ ಅಂಕಣಕಾರ. 2022ರ ಅಕ್ಟೋಬರ್‌ಗೆ ಟರ್ಕಿಯ ಹಣದುಬ್ಬರ ಶೇ 85 ದಾಟಿತು. ಆಗ ನನ್ನ ಎದೆ ತಾನಾಗಿ ಇಳಿಯಿತು.

ಅವರ ನಂತರ ಬಂದ ಹಫೀಜೆ ಗಾಯೆ ಎರ್ಕಾನ್ ಪ್ರಿನ್ಸ್‌ಟನ್‌ನಲ್ಲಿ ಓದಿ, ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ದುಡಿದವರು. ಅವರೇ ಒಂದು ಸಂದರ್ಶನದಲ್ಲಿ ಹೇಳಿಕೊಂಡರು: ಇಸ್ತಾಂಬುಲ್‌ನಲ್ಲಿ ಬಾಡಿಗೆ ಕೈಗೆಟುಕುತ್ತಿಲ್ಲ, ಅಪ್ಪ ಅಮ್ಮನ ಮನೆಗೆ ಹೋಗಿ ಸೇರಿಕೊಂಡಿದ್ದೇವೆ ಅಂತ. ಬೆಲೆ ಏರಿಕೆಯನ್ನು ಇಷ್ಟು ಹತ್ತಿರದಿಂದ ಅಧ್ಯಯನ ಮಾಡಿದ ಗವರ್ನರ್ ಇನ್ನೊಬ್ಬರಿಲ್ಲ. ಏನು ಪ್ರಯೋಜನ, ಒಂದು ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಟ್ಟರು. ಮತ್ತೆ ನಮ್ಮ ಅಂಕಣಕಾರ ಮಹಾಶಯರು? ಅವರನ್ನು ಬ್ಯಾಂಕುಗಳ ಮೇಲೆ ನಿಗಾ ಇಡುವ ಸಂಸ್ಥೆಗೆ ಮುಖ್ಯಸ್ಥರನ್ನಾಗಿ ಮಾಡಿದರು. ರಿಟೈರ್‌ಮೆಂಟ್ ಚಿಂತೆ ಅಲ್ಲೂ ಇಲ್ಲ.

ಅಮೆರಿಕದವರು ದೊಡ್ಡಣ್ಣ, ಅವರೇನಾದರೂ ಮಾದರಿ ಆಗಬಹುದು ಅಂದುಕೊಂಡರೆ ಅಲ್ಲಿ ಟ್ರಂಪ್ ಇದ್ದಾರೆ. ಜೆರೋಮ್ ಪವೆಲ್ ಅವರನ್ನು ಅಲ್ಲಿನ ರಿಸರ್ವ್ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಮುಖ್ಯಸ್ಥ ಸ್ಥಾನಕ್ಕೆ 2017ರಲ್ಲಿ ಹೆಸರಿಸಿದ್ದು ಟ್ರಂಪ್. 2025ರಲ್ಲಿ ಈ ಮನುಷ್ಯನನ್ನು ನೇಮಿಸಿದ್ದು ನೋಡಿ ಆಶ್ಚರ್ಯ ಆಯಿತು, ಬೈಡನ್ ಹೇಗೆ ಕೂರಿಸಿದರು ಅಂದವರೂ ಟ್ರಂಪ್. ಆ ಜುಲೈಯಲ್ಲಿ ಇಬ್ಬರೂ ತಲೆಗೆ ಬಿಳಿ ಹೆಲ್ಮೆಟ್ ಹಾಕಿಕೊಂಡು, ಫೆಡರಲ್ ರಿಸರ್ವ್ ಕಟ್ಟಡದ ರಿಪೇರಿ ನಡೆಯುವ ಕಡೆ ಕ್ಯಾಮೆರಾ ಮುಂದೆ ನಿಂತಿದ್ದರು. ಖರ್ಚು 310 ಕೋಟಿ ಡಾಲರ್ ಆಗಿದೆ ಅಂತ ಟ್ರಂಪ್ ಒಂದು ಚೀಟಿ ತೆಗೆದು ಕೊಟ್ಟರು. ಪವೆಲ್ ಓದಿದರು, ತಲೆ ಅಲ್ಲಾಡಿಸಿದರು, ಇದರಲ್ಲಿ ಐದು ವರ್ಷದ ಹಿಂದೆಯೇ ಮುಗಿದ ಇನ್ನೊಂದು ಕಟ್ಟಡದ ಲೆಕ್ಕವನ್ನೂ ಸೇರಿಸಿದ್ದೀರಿ ಅಂದರು. ಅಷ್ಟೇ. ದನಿಯೂ ಏರಲಿಲ್ಲ. ನಮ್ಮಲ್ಲಿ ಇಂಥ ಒಂದು ದೃಶ್ಯ ಊಹಿಸಿಕೊಳ್ಳಿ ನೋಡೋಣ. ಹೆಲ್ಮೆಟ್ ಸಿಗಬಹುದು, ತಲೆ ಅಲ್ಲಾಡಿಸುವವರೂ ಸಿಗಬಹುದು, ಆದರೆ ಆ ದಿಕ್ಕಿನಲ್ಲಿ ಅಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಅವರ ಆರ್ಥಿಕ ಸಲಹೆಗಾರ ಸ್ಟೀಫನ್ ಮಿರಾನ್ ಫೆಡರಲ್ ರಿಸರ್ವ್ ಮಂಡಳಿ ಸೇರಿದರು. ಶ್ವೇತಭವನದ ಕೆಲಸಕ್ಕೆ ರಾಜೀನಾಮೆ ಕೊಡಲಿಲ್ಲ, ಸಂಬಳ ಇಲ್ಲದ ರಜೆ ಹಾಕಿ ಬಂದರು! ನಮ್ಮವರು ಇದನ್ನು ನೋಡಿ ಕಲಿಯಬೇಕು. ಸುಮ್ನೆ ರಾಜೀನಾಮೆ, ನೇಮಕ, ಮತ್ತೆ ರಾಜೀನಾಮೆ ಅಂತ ಎಷ್ಟು ಕಾಗದ ಹಾಳು. ರಜೆ ಚೀಟಿ ಒಂದೇ ಸಾಕಿತ್ತು.

ದಾಸ್ ಅವರು ಗವರ್ನರ್ ಆದಾಗ ‘ಇತಿಹಾಸದಲ್ಲಿ ಎಂಎ ಮಾಡಿದವರಿಗೆ ಹಣಕಾಸು ಏನು ಗೊತ್ತು’ ಅಂತ ಬಹಳ ಜನ ಆಡಿಕೊಂಡರು. ನಾನು ಆ ಗುಂಪಿಗೆ ಸೇರಲ್ಲ. ಪವೆಲ್ ಓದಿದ್ದು ಕಾನೂನು. ಯುರೋಪಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥೆಯಾದ ಕ್ರಿಸ್ಟೀನ್ ಲಗಾರ್ಡ್ ಅವರೂ ವಕೀಲೆ. ಪದವಿಯಿಂದ ಏನಾಗುತ್ತೆ ಅನ್ನೋದಕ್ಕೆ 2016ರ ನವೆಂಬರ್ ತಿಂಗಳ ನೋಟು ರದ್ದತಿ ನೆನಪು ಮಾಡಿಕೊಳ್ಳಿ. ಆಗ ಗವರ್ನರ್ ಕುರ್ಚಿಯಲ್ಲಿ ಇದ್ದದ್ದು ಯೇಲ್‌ನಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಮಾಡಿದ ಉರ್ಜಿತ್ ಪಟೇಲ್. ದಿನಾ ಮೈಕ್ ಮುಂದೆ ಬಂದು, ನೋಟು ಬದಲಿಸಲು ಬಂದವರ ಬೆರಳಿಗೆ ಶಾಯಿ ಹಚ್ಚುತ್ತೇವೆ ಅಂತೆಲ್ಲ ಹೇಳಿದ್ದು ಆಗ ಹಣಕಾಸು ಇಲಾಖೆಯಲ್ಲಿದ್ದ ಇತಿಹಾಸದ ಎಂಎ, ದಾಸ್. ಇತಿಹಾಸ ಓದಿದವರಿಗೆ ತುಘಲಕ್‌ನ ತಾಮ್ರದ ನಾಣ್ಯದ ಕಥೆ ಪರೀಕ್ಷೆಗೇ ಬಂದಿರುತ್ತೆ. ಅರ್ಥಶಾಸ್ತ್ರ ಓದಿದವರಿಗೆ ಅದರ ಲೆಕ್ಕ ಗೊತ್ತಿರುತ್ತೆ. ಎರಡೂ ಡಿಗ್ರಿ ಒಟ್ಟಿಗೆ ಇದ್ದಾಗಲೇ ರದ್ದಾದ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ವಾಪಸ್ ಬಂತು. ಎಣಿಸಿ ಹೇಳೋಕೆ ರಿಸರ್ವ್ ಬ್ಯಾಂಕಿಗೆ 2018ರ ಆಗಸ್ಟ್ ಆಯಿತು. ಕ್ಯೂನಲ್ಲಿ ನಿಂತ ಮುದುಕರ ಹತ್ತಿರ ಯಾರೂ ಡಿಗ್ರಿ ಕೇಳಲಿಲ್ಲ.

ನನ್ನ ಹೊಟ್ಟೆಕಿಚ್ಚು ಇರೋದು ಒಂದು ಕಾಗದದ ಮೇಲೆ. ಹಣದುಬ್ಬರ ಶೇ 4ರ ಸುತ್ತ ಇರಬೇಕು, 6 ದಾಟಬಾರದು ಅನ್ನೋದು ಕಾಯ್ದೆಯಡಿ ಸರ್ಕಾರ ಹಾಕಿದ ಗುರಿ. ಸತತ ಮೂರು ತ್ರೈಮಾಸಿಕ ದಾಟಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾಗದ ಬರೆದು ಯಾಕೆ ತಪ್ಪಿತು, ಹೇಗೆ ಸರಿ ಮಾಡುತ್ತೇವೆ, ಎಷ್ಟು ದಿನ ಬೇಕು ಅಂತ ಹೇಳಬೇಕು. 2022ರಲ್ಲಿ ದಾಟಿತು. ಆ ವರ್ಷ ಎಣ್ಣೆ, ಗೋಧಿ, ಗ್ಯಾಸ್ ಏನು ರೇಟಾಗಿತ್ತು ಅಂತ ಮನೆ ನಡೆಸುವ ಯಾರನ್ನು ಬೇಕಾದರೂ ಕೇಳಿ. ನವೆಂಬರ್ 3ಕ್ಕೆ ವಿಶೇಷ ಸಭೆ ಸೇರಿದರು, ಕಾಗದ ಬರೆದರು, ಕಳಿಸಿದರು. ಏನು ಬರೆದಿರಿ ಅಂತ ಕೇಳಿದರೆ, ಅದು ಸರ್ಕಾರಕ್ಕೂ ನಮಗೂ ನಡುವಿನ ಕಾಗದ, ತೋರಿಸೋ ಹಾಗಿಲ್ಲ ಅಂದರು. ಸಂಸತ್ತಿನಲ್ಲಿ ಕೇಳಿದರೆ, ಬಹಿರಂಗ ಮಾಡಬೇಕು ಅಂತ ಕಾಯ್ದೆಯಲ್ಲಿ ಇಲ್ಲ ಅಂತ ಸರ್ಕಾರ ಉತ್ತರ ಕೊಟ್ಟಿತು. ಇಂಗ್ಲೆಂಡಿನಲ್ಲಿ ಹಣದುಬ್ಬರ ಗುರಿಯಿಂದ ಒಂದು ಶೇಕಡಾ ಅಂಶಕ್ಕಿಂತ ಜಾಸ್ತಿ ಆಚೀಚೆ ಹೋದರೆ ಸಾಕು, ಅಲ್ಲಿನ ಗವರ್ನರ್ ಹಣಕಾಸು ಸಚಿವರಿಗೆ ಬರೆದ ಕಾಗದವನ್ನು ಯಾರು ಬೇಕಾದರೂ ಓದಬಹುದು.

ಇಲ್ಲಿ ಬರೆದವರು ಯಾರು? ಹಣಕಾಸು ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದವರು. ಓದಿದವರು ಯಾರು? ಅದೇ ಹಣಕಾಸು ಇಲಾಖೆಯವರು. ತಮ್ಮ ಹಳೇ ಟೇಬಲ್‌ಗೆ ತಾವೇ ಕಾಗದ ಹಾಕಿಕೊಂಡ ಹಾಗಾಯಿತು. ಅದನ್ನೂ ಗುಟ್ಟಾಗಿ! ಇದರಲ್ಲಿ ನಗೋದಕ್ಕೆ ಏನೂ ಇಲ್ಲ, ನನಗೆ ನಗುವೂ ಬರುತ್ತಿಲ್ಲ. ಅಕೌಂಟಿನಲ್ಲಿ ಕನಿಷ್ಠ ಮೊತ್ತ ಇಲ್ಲ ಅಂತ ಬಡವನಿಗೆ ಮೆಸೇಜ್ ಕಳಿಸಿ ದಂಡ ಹಾಕುವ ಬ್ಯಾಂಕುಗಳ ಮೇಲಿನ ದೊಡ್ಡ ಬ್ಯಾಂಕ್ ಇದು. 2024-25ರ ಲೆಕ್ಕದಲ್ಲಿ ಸರ್ಕಾರಕ್ಕೆ 2.69 ಲಕ್ಷ ಕೋಟಿ ರೂಪಾಯಿ ಹೆಚ್ಚುವರಿ ಹಣ ಕೊಟ್ಟಿತು. ಆ ಅಂಕಿಯನ್ನು ಅದೇ ದಿನ ಪತ್ರಿಕಾ ಪ್ರಕಟಣೆ ಹೊರಡಿಸಿ ಹೇಳಿದರು. ಅದಕ್ಕೆ ಗುಟ್ಟು ಬೇಕಾಗಲಿಲ್ಲ. ಎಣ್ಣೆ ಪ್ಯಾಕೆಟ್ ರೇಟು ಯಾಕೆ ಏರಿತು, ನಿಮ್ಮ ಕೈಲಿ ಯಾಕೆ ತಡೆಯೋಕಾಗಲಿಲ್ಲ ಅನ್ನೋ ಕಾಗದ ಮಾತ್ರ ಇನ್ನೂ ಹಣಕಾಸು ಇಲಾಖೆಯ ಯಾವುದೋ ಫೈಲಿನಲ್ಲಿದೆ. ಅದನ್ನು ಹೊರಗೆ ಹಾಕಿ ಸ್ವಾಮಿ. ಗವರ್ನರ್ ಯಾರನ್ನಾದರೂ ಮಾಡಿಕೊಳ್ಳಿ, ಬೇಕಾದರೆ ಅಂಕಣಕಾರರನ್ನು ಬಿಟ್ಟು.